ಬಾಗಿಲು ಮುಚ್ಚುವ ವಿಷ

“ಇವಳು ಕಚ್ಚಿದ್ರೂ ಮೇಷ್ಟ್ರಿಗೆ ಏನೂ ಆಗ್ತಿರ್ಲಿಲ್ಲ ಮೇಡಂ. ಇವಳ ಹತ್ರ ಆವತ್ತು ಒಂದು ತೊಟ್ಟು ವಿಷವೂ ಇರ್ಲಿಲ್ಲ.”

ಇಲ್ಲಿನ ಜೇಡಗಳನ್ನು ಸಾಕಿ ವಿಷ ಹಿಂಡುವ ಜೇಡಕ್ಕ ಹೀಗೆಂದಾಗ ನಾನು ಬಾಗಿಲ ಪಕ್ಕದ ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿದ್ದೆ. ಇಪ್ಪತ್ತು ವರ್ಷದ ಪೊಲೀಸ್ ಕೆಲಸದಲ್ಲಿ ಚಾಕು ಕಂಡಿದ್ದೇನೆ, ಕೊಡಲಿ ಕಂಡಿದ್ದೇನೆ, ಒಮ್ಮೆ ನನ್ನ ಕಡೆಗೇ ತಿರುಗಿದ ಬಂದೂಕನ್ನೂ ಕಂಡಿದ್ದೇನೆ. ಎಂಟು ಕಾಲಿನ ಪ್ರಾಣಿಯನ್ನು ಕಂಡರೆ ಮಾತ್ರ ನನ್ನ ಎರಡು ಕಾಲುಗಳು ನನ್ನ ಮಾತು ಕೇಳುವುದಿಲ್ಲ. ಅಂಥ ಇನ್ನೂರು ಪ್ರಾಣಿಗಳು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು.

ಮೂರು ದಿನದ ಹಿಂದೆ, ರಜೆಯ ಬೆಳಿಗ್ಗೆ, ಈ ವಿಷ ಸಂಶೋಧನಾಲಯದ ಮುಖ್ಯಸ್ಥರು ತಮ್ಮ ಕೋಣೆಯಲ್ಲಿ ಉಸಿರಿಲ್ಲದೆ ಬಿದ್ದಿದ್ದರು. ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಕೋಟಿನ ತೋಳಿನೊಳಗೆ ಕಪ್ಪು ಜೇಡ, ಮಣಿಕಟ್ಟಿನ ಮೇಲೆ ಎರಡು ಕೆಂಪು ಚುಕ್ಕೆ. ಈಗ ಅವರು ಆಸ್ಪತ್ರೆಯಲ್ಲಿ, ಗಂಟಲಿಗೆ ಇಳಿಸಿದ ಕೊಳವೆಯ ದಯೆಯಿಂದ ಉಸಿರಾಡುತ್ತಿದ್ದರು. ಮಿದುಳು ಸತ್ತಿದೆ ಎಂದು ಡಾಕ್ಟರು ಬರೆದುಕೊಟ್ಟಾಗಿತ್ತು. ಇವತ್ತು ನಾಲ್ಕು ಗಂಟೆಗೆ ಕೊಳವೆ ತೆಗೆಯಬಹುದೆಂದು ಅವರ ಹೆಂಡತಿ ಸಹಿ ಹಾಕಿದ್ದರು.

ಆಗ ಗಂಟೆ ಒಂದೂಮುಕ್ಕಾಲು.

“ವಿಷ ಇರ್ಲಿಲ್ಲ ಅಂದ್ರೆ? ವಿಷದ ಜೇಡ ಅಂತ ನೀವೇ ಬರೆದುಕೊಟ್ಟಿದ್ದೀರಿ.”

“ವಿಷದ್ದೇ. ಆದ್ರೆ ಹಿಂದಿನ ದಿನ ನಾನೇ ಹಿಂಡಿದ್ದೆ. ಒಂದು ಸಲ ಹಿಂಡಿದ್ರೆ ಮತ್ತೆ ತುಂಬೋಕೆ ಎರಡು ಮೂರು ವಾರ ಬೇಕು.” ಆಕೆ ಕಪಾಟಿನ ಕೆಳಗಿನ ಸಾಲನ್ನು ತೋರಿಸಿದಳು. “ಈ ಸಾಲು ನೋಡಿ. ಡಬ್ಬಿಗಳ ಮೇಲೆ ಚೀಟಿ ಕಾಣಿಸ್ತಿದೆಯಾ?”

ಕಾಣಿಸುತ್ತಿರಲಿಲ್ಲ. ಮೇಲಿನ ಸಾಲುಗಳಲ್ಲಿ ಪ್ರತಿ ಡಬ್ಬಿಯ ಚೀಟಿಯೂ ನಮ್ಮ ಕಡೆಗಿತ್ತು. ಕೆಳಗಿನ ಸಾಲಿನ ಚೀಟಿಗಳೆಲ್ಲ ಗೋಡೆಯ ಕಡೆಗೆ ತಿರುಗಿದ್ದವು. ನಡುವೆ ಒಂದು ಡಬ್ಬಿಯ ಜಾಗ ಖಾಲಿ.

“ಹಿಂಡಿದ ತಕ್ಷಣ ಡಬ್ಬೀನ ತಿರುಗಿಸಿ ಇಡ್ತೀನಿ. ಮುಖ ತಿರುಗಿಸಿದವಳನ್ನ ಯಾರೂ ಮುಟ್ಟೋ ಹಾಗಿಲ್ಲ, ಅವಳು ಸುಸ್ತಾಗಿದ್ದಾಳೆ ಅಂತ ಅರ್ಥ. ಹನ್ನೊಂದು ವರ್ಷದಿಂದ ಇದೇ ಪದ್ಧತಿ. ಎಲ್ಲೂ ಬರೆದಿಟ್ಟಿಲ್ಲ. ಯಾಕೆ ಬರೀಬೇಕು? ಈ ಕೋಣೇಲಿ ಕೆಲಸ ಮಾಡೋಳು ನಾನೊಬ್ಬಳೇ.”

ನನ್ನ ಕೈಯಲ್ಲಿದ್ದ ಸಾಕ್ಷ್ಯದ ಚೀಲವನ್ನು ಎತ್ತಿ ನೋಡಿದೆ. ಒಳಗೆ ಆ ಡಬ್ಬಿ, ಡಬ್ಬಿಯೊಳಗೆ ಮೇಷ್ಟ್ರ ತೋಳಿನಿಂದ ಹಿಡಿದ ಜೇಡ. ಮುಂಗಾಲು ಎತ್ತಿ ನನ್ನ ಮೇಲೆ ಯುದ್ಧ ಸಾರಿತ್ತು. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ‘ಅತ್ತೆ’ ಎಂದು ಬರೆದಿತ್ತು.

“ಅತ್ತೆ ಅಂತ ಯಾಕೆ ಹೆಸರು?”

“ಯಾರು ಹತ್ರ ಬಂದ್ರೂ ಹೀಗೇ ನಿಲ್ತಾಳೆ. ಕಾರಣ ಬೇಕಿಲ್ಲ.”

ಬೇರೆ ಹೊತ್ತಿನಲ್ಲಾಗಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಈ ಹೆಂಗಸನ್ನು ಮೂರು ದಿನದಿಂದ ಬೆಳಗಿನಿಂದ ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿ, ಮುಚ್ಚಳ ಸರಿಯಾಗಿ ಹಾಕಲಿಲ್ಲ ಯಾಕೆ ಎಂದು ಒಂದೇ ಪ್ರಶ್ನೆಯನ್ನು ಅರೆದದ್ದು ನಾನೇ. ಇವತ್ತು ಕೋಣೆಯ ಬೀಗಮುದ್ರೆ ತೆಗೆಸಿದ್ದೂ ತನಿಖೆಗಲ್ಲ. ನೀರಿಲ್ಲದೆ ಅವು ಸಾಯುತ್ತವೆ ಎಂದು ಈಕೆ ಅತ್ತು ಕರೆದಿದ್ದಕ್ಕೆ. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ನನ್ನ ಮೇಲೆಯೇ.

“ಮೊದಲೇ ಯಾಕೆ ಹೇಳ್ಲಿಲ್ಲ?”

“ಯಾವ ಡಬ್ಬಿ ಅಂತ ನೀವು ತೋರಿಸಿದ್ರಾ? ಜೇಡ ತಪ್ಪಿಸಿಕೊಳ್ತು ಅಂದ್ರಿ. ನಾನೂ ನಂದೇ ತಪ್ಪಿರಬೇಕು ಅಂದುಕೊಂಡೆ.” ಆಕೆ ಪಿಚಕಾರಿಯಿಂದ ಒಂದು ಡಬ್ಬಿಗೆ ನೀರು ಚಿಮುಕಿಸಿ ಕೇಳಿದಳು, “ಮೇಷ್ಟ್ರು ತುಂಬ ಬೆವರಿದ್ರಾ ಮೇಡಂ? ಬಾಯಲ್ಲಿ ಜೊಲ್ಲು, ಮೈಯೆಲ್ಲಾ ಅದುರೋದು?”

ಅವರನ್ನು ಆಸ್ಪತ್ರೆಗೆ ಒಯ್ದ ದಿನ ನಾನು ನೋಡಿದ್ದೆ. ಹಿಂಡಿ ಒಣಗಿಸಿದ ಬಟ್ಟೆಯ ಹಾಗೆ ಇದ್ದರು. ಒಂದು ಬೆರಳೂ ಅದುರಿರಲಿಲ್ಲ.

“ಇಲ್ಲ. ಒಣಗಿದ ಮೈ. ಕೈಕಾಲು ಜೋತುಬಿದ್ದಿತ್ತು.”

ಜೇಡಕ್ಕನ ಕೈಯಲ್ಲಿದ್ದ ನೀರಿನ ಪಿಚಕಾರಿ ಕೆಳಗೆ ಬಿತ್ತು. ಆಕೆ ಅದನ್ನು ಎತ್ತಲಿಲ್ಲ.

“ಅತ್ತೆ ವಿಷ ನರದ ಬಾಗಿಲನ್ನ ತೆರೆದು ಹಿಡಿಯತ್ತೆ ಮೇಡಂ, ಮುಚ್ಚೋಕೇ ಬಿಡಲ್ಲ. ನರಗಳು ಹುಚ್ಚು ಹಿಡಿದ ಹಾಗೆ ಕೂಗ್ತಾನೇ ಇರ್ತವೆ. ಅದಕ್ಕೇ ಬೆವರು, ಜೊಲ್ಲು, ಅದುರು. ನೀವು ಹೇಳ್ತಿರೋದು ಅದರ ಉಲ್ಟಾ. ಬಾಗಿಲು ಮುಚ್ಚೋ ವಿಷ.”

“ಅದು ಯಾವ ಜೇಡದ್ದು?”

“ಅದು ಜೇಡದ ಮೈಯಲ್ಲಿರೋ ಹಾಗೆ ಕೆಲಸ ಮಾಡಲ್ಲ. ಅಷ್ಟಾಗಬೇಕಂದ್ರೆ ಸೋಸಿ, ಬೇರ್ಪಡಿಸಿ, ಗಟ್ಟಿ ಮಾಡಿರಬೇಕು.” ಆಕೆ ಕಣ್ಣೆತ್ತಿ ಚಾವಣಿ ನೋಡಿದಳು. “ಸೀಸೆಯಲ್ಲಿರತ್ತೆ. ಮೇಲೆ.”

* * *

ಮೇಲಿನ ಮಹಡಿಯ ಆ ಕೋಣೆಗೆ ಕಿಟಕಿ ಇರಲಿಲ್ಲ, ಫ್ಯಾನೂ ಇರಲಿಲ್ಲ. ನಡುವೆ ಅಲುಗಾಟ ತಾಗದಂತೆ ಗಾಳಿಯ ಮೇಲೆ ತೇಲುವ ಭಾರಿ ಕಬ್ಬಿಣದ ಮೇಜು, ಸುತ್ತ ತಂತಿಬಲೆ, ಬಲೆಯೊಳಗೆ ಸೂಕ್ಷ್ಮದರ್ಶಕ. ಅದರ ಮುಂದೆ ಕೂತಿದ್ದವನನ್ನು ಎಲ್ಲರೂ ಗೇಟ್‌ಕೀಪರ್ ಎಂದು ಕರೆಯುತ್ತಿದ್ದರು. ಜೀವಕೋಶದ ಬಾಗಿಲುಗಳು ತೆರೆಯುವುದನ್ನೂ ಮುಚ್ಚುವುದನ್ನೂ ಎಣಿಸುವುದು ಅವನ ಕೆಲಸ. ಮೇಷ್ಟ್ರ ಶಿಷ್ಯ, ಹೆಂಡತಿಯ ಒಡಹುಟ್ಟಿದ ತಮ್ಮ. ಅಂದರೆ ಮೇಷ್ಟ್ರಿಗೆ ಬಾಮೈದ.

ಭಾವನಿಗೆ ನಾಲ್ಕು ಗಂಟೆಗೆ ಕೊಳವೆ ತೆಗೆಯುತ್ತಾರೆ, ಇವನು ಇಲ್ಲಿ ಕೂತಿದ್ದಾನೆ. ನನಗೆ ಅದೇ ಸರಿಬರಲಿಲ್ಲ.

“ಆಸ್ಪತ್ರೆಗೆ ಹೋಗ್ಲಿಲ್ವಾ?”

“ನೋಡೋಕೆ ಆಗಲ್ಲ ಮೇಡಂ. ಅಕ್ಕ ಇದ್ದಾಳೆ.” ಕಣ್ಣು ಕೆಂಪಾಗಿತ್ತು. ಅತ್ತಿದ್ದನೋ, ನಿದ್ದೆಗೆಟ್ಟಿದ್ದನೋ.

ಚೀಲದೊಳಗಿನ ಡಬ್ಬಿಯನ್ನು ಅವನ ಮುಂದೆ ಇಟ್ಟೆ. ಕುರ್ಚಿ ಸಮೇತ ಹಿಂದೆ ಸರಿದ.

“ಕೆಳಗಿನ ಜೇಡದ ಕೋಣೆಗೆ ಎಷ್ಟು ಸಲ ಹೋಗಿದ್ದೀರಿ?”

“ಎಂಟು ವರ್ಷದಲ್ಲಿ ಎರಡೋ ಮೂರೋ ಸಲ. ನಮಗೆ ಬೇಕಾಗಿರೋದು ಸೀಸೆ. ಅದು ಇಲ್ಲಿಗೇ ಬರತ್ತೆ. ನಂಬರ್ ಹಾಕಿಕೊಂಡು.”

“ಹಾಗಾಗಿ ನಿಮಗೆ ಗೊತ್ತಾಗ್ಲಿಲ್ಲ.”

“ಏನು?”

“ಮುಖ ತಿರುಗಿಸಿದ ಡಬ್ಬಿಯಲ್ಲಿರೋದು ಖಾಲಿ ಜೇಡ ಅಂತ. ಇನ್ನೂರು ಡಬ್ಬೀಲಿ ನೀವು ಕೈಗೆ ಸಿಕ್ಕಿದ ಕೆಳಗಿನ ಸಾಲಿಂದ ಎತ್ತಿಕೊಂಡ್ರಿ. ಕೆಳಗೆ ಕೆಲಸ ಮಾಡೋ ಜೇಡಕ್ಕ ಅದನ್ನ ಎತ್ತಲ್ಲ. ಮೇಲಿನವರ ಪೈಕಿ ಆ ರಜೆಯ ದಿನ ಕಟ್ಟಡದಲ್ಲಿದ್ದದ್ದು ಇಬ್ಬರೇ. ಒಬ್ಬರು ನೆಲದ ಮೇಲೆ ಬಿದ್ದಿದ್ರು.”

ನಾನು ಇನ್ನೂ ಎರಡು ಪ್ರಶ್ನೆಗಳನ್ನು ಮಸೆದು ಇಟ್ಟುಕೊಂಡಿದ್ದೆ. ಬೇಕಾಗಲಿಲ್ಲ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

“ಜೇಡ ಇಟ್ಟಿದ್ದು ನಾನೇ. ಮಣಿಕಟ್ಟಿಗೆ ಚುಚ್ಚಿದ್ದೂ ನಾನೇ, ಖಾಲಿ ಸೂಜೀಲಿ. ಆದ್ರೆ ಭಾವನಿಗೆ ವಿಷ ಕೊಟ್ಟಿದ್ದು ನಾನಲ್ಲ. ನನ್ನ ಮಕ್ಕಳಾಣೆ.”

“ನಿಮ್ಮ ಮಕ್ಕಳನ್ನ ಬಿಡಿ. ನಡೆದಿದ್ದು ಹೇಳಿ.”

ಹೇಳಿದ. ತಡವರಿಸುತ್ತ, ನಡುನಡುವೆ ಮೂಗು ಒರೆಸಿಕೊಳ್ಳುತ್ತ. ಹತ್ತು ವರ್ಷದಿಂದ ಮೇಷ್ಟ್ರಿಗೆ ಬೆನ್ನುನೋವು, ಕೂತರೆ ಏಳಲಾಗದಷ್ಟು. ಅವರ ಇಡೀ ಸಂಶೋಧನೆಯೂ ಅದೇ. ಒಂದು ಪುಟ್ಟ ಜೇಡದ ವಿಷದಲ್ಲಿ ನೋವಿನ ಸುದ್ದಿ ಹೊರುವ ಬಾಗಿಲನ್ನು ಮಾತ್ರ ಮುಚ್ಚಿ, ಉಳಿದ ಯಾವುದನ್ನೂ ಮುಟ್ಟದ ಅಂಶವೊಂದಿದೆ. ಅದನ್ನು ಮನುಷ್ಯರಿಗೆ ಕೊಡಲು ಇನ್ನೂ ಅನುಮತಿ ಸಿಕ್ಕಿರಲಿಲ್ಲ. ಮೇಷ್ಟ್ರು ಆರು ತಿಂಗಳಿಂದ ಗುಟ್ಟಾಗಿ ತಮ್ಮ ತೊಡೆಗೇ ಚುಚ್ಚಿಕೊಳ್ಳುತ್ತಿದ್ದರು.

“ಆವತ್ತು ಬಂದು ನೋಡಿದ್ರೆ ನೆಲದ ಮೇಲೆ ಬಿದ್ದಿದ್ರು. ಸಿರಿಂಜ್ ಇನ್ನೂ ತೊಡೇಲೇ ಇತ್ತು. ಉಸಿರಿಲ್ಲ. ಎದೆ ಮಾತ್ರ ಬಡ್ಕೊತಿತ್ತು. ಆಂಬುಲೆನ್ಸ್ ಬರೋವರೆಗೂ ನಾನೇ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟೆ.”

“ಉಸಿರು ಕೊಡೋ ನಡುವೆ ಜೇಡ ತರೋಕೆ ಪುರುಸೊತ್ತು ಸಿಕ್ತಾ?”

ಅವನ ಕಿವಿಗಳು ಕೆಂಪಾದವು. “ಅವರನ್ನ ಸ್ಟ್ರೆಚರ್ ಮೇಲೆ ಹಾಕ್ತಿದ್ದಾಗ ಓಡಿ ತಂದೆ. ಕೆಳಗಿಳಿಸೋವಾಗ ಕೈ ಹಿಡಿದುಕೊಂಡ ಹಾಗೆ ಮಾಡಿ, ಯಾರಿಗೂ ಕಾಣದ ಹಾಗೆ ಸೂಜಿ ಚುಚ್ಚಿ ತೋಳೊಳಗೆ ಬಿಟ್ಟೆ. ಔಷಧಿ ವಿಷಯ ಹೊರಗೆ ಬಂದ್ರೆ ಲ್ಯಾಬ್ ಮುಚ್ತಾರೆ, ಭಾವನ ಮರ್ಯಾದೆ ಮಣ್ಣುಪಾಲಾಗತ್ತೆ. ಕಚ್ಚಿದ್ದು ಅಂದ್ರೆ ಅಪಘಾತ. ಅಷ್ಟೇ ತಲೇಲಿ ಬಂದಿದ್ದು. ಔಷಧಿ ಜಾಸ್ತಿ ಹಾಕಿಕೊಂಡಿದ್ದಾರೆ, ಮಿದುಳಿಗೆ ಗಾಳಿ ಸಿಗದೆ ಹೋಗಿದೆ ಅಂದುಕೊಂಡೆ.”

“ಆ ಸೀಸೆ ಎಲ್ಲಿ?”

ಎಸೆದೆ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು, ಬೀಗ ಹಾಕಿದ ಪುಟ್ಟ ಫ್ರಿಜ್ ತೆರೆದು, ಹೆಬ್ಬೆರಳು ಗಾತ್ರದ ಗಾಜಿನ ಸೀಸೆ ತಂದು ಇಟ್ಟ. ತಳದಲ್ಲಿ ಇನ್ನೂ ಸ್ವಲ್ಪ ದ್ರವ ಇತ್ತು.

“ಎಸೆಯೋಕೆ ಮನಸ್ಸು ಬರ್ಲಿಲ್ಲ. ಭಾವನ ಹತ್ತು ವರ್ಷದ ಕೆಲಸ.”

“ಮೇಷ್ಟ್ರು ಇದನ್ನ ಇಲ್ಲೇ ಇಡ್ತಿದ್ರಾ?”

“ಇಲ್ಲ, ಮನೆಯ ಫ್ರಿಜ್‌ನಲ್ಲಿ. ಇಲ್ಲಿಟ್ರೆ ಯಾರಾದ್ರೂ ನೋಡ್ತಾರೆ ಅಂತ. ದಿನಾ ಜೇಬಲ್ಲಿ ಹಾಕಿಕೊಂಡು ಬರ್ತಿದ್ರು.”

ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಇವನ ಮಾತು ನಿಜವೋ ಸುಳ್ಳೋ ತಿಳಿಯಲು ನನಗೆ ಒಂದೇ ದಾರಿ ಹೊಳೆಯಿತು.

“ಇದರಲ್ಲಿರೋದು ನೋವಿನ ಔಷಧಿಯೇ ಅಂತ ನನಗೆ ತೋರಿಸಿ. ಈಗ.”

“ಈಗ ಅಂದ್ರೆ…”

“ನಿಮ್ಮ ಮೇಜು ಇದೆ, ನೀವಿದ್ದೀರಿ, ಸೀಸೆ ಇದೆ. ಇನ್ನೇನು, ಮುಹೂರ್ತ ಬೇಕಾ?”

ಅವನು ಒಂದು ಗಾಜಿನ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ. ಕೂದಲಿಗಿಂತ ಸಪೂರದ ಗಾಜಿನ ಸೂಜಿಯನ್ನು ಕೆಳಗಿಳಿಸಿ, ಅದಕ್ಕೆ ಜೋಡಿಸಿದ್ದ ರಬ್ಬರ್ ಕೊಳವೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಮೆಲ್ಲಗೆ ಹೀರಿದ. ಅಳುತ್ತಿದ್ದವನ ಕೈ ಈಗ ಒಂದಿಷ್ಟೂ ನಡುಗಲಿಲ್ಲ. ಸೂಜಿ ಒಂದು ಜೀವಕೋಶದ ಮೈಗೆ ಅಂಟಿತು. ಪರದೆಯ ಮೇಲೆ ಹಸಿರು ಗೆರೆಯೊಂದು ಓಡತೊಡಗಿತು.

“ಜೀವಕೋಶದ ಗೋಡೇಲಿ ಸಣ್ಣ ಸಣ್ಣ ಬಾಗಿಲುಗಳಿವೆ ಮೇಡಂ. ಪುಸ್ತಕದಲ್ಲಿ ಅಯಾನ್ ಚಾನೆಲ್ ಅಂತಾರೆ. ಒಂದೊಂದು ಬಾಗಿಲಲ್ಲಿ ಒಂದೊಂದು ಬಗೆಯ ಕಣ ಮಾತ್ರ ನುಗ್ಗತ್ತೆ. ಸೋಡಿಯಂಗೆ ಒಂದು, ಕ್ಯಾಲ್ಸಿಯಂಗೆ ಇನ್ನೊಂದು. ಇದು ಕ್ಯಾಲ್ಸಿಯಂ ಬಾಗಿಲು, ನರದ ತುದೀಲಿರೋದು. ಇದು ತೆರೆದ್ರೇನೇ ನರ ಸ್ನಾಯುವಿಗೆ ‘ಅಲ್ಲಾಡು’ ಅಂತ ಹೇಳೋದು.”

ಪ್ರತಿ ಎರಡು ಸೆಕೆಂಡಿಗೊಮ್ಮೆ ಗೆರೆ ಆಳವಾಗಿ ಕೆಳಗೆ ಬಿದ್ದು ಮೇಲೇಳುತ್ತಿತ್ತು. ಬಾಗಿಲು ತೆರೆಯಿತು, ಮುಚ್ಚಿತು. ತೆರೆಯಿತು, ಮುಚ್ಚಿತು.

“ನಮ್ಮ ಔಷಧಿ ಮುಚ್ಚೋದು ನೋವಿನ ಸೋಡಿಯಂ ಬಾಗಿಲನ್ನ. ಈ ಬಾಗಿಲಿಗೂ ಅದಕ್ಕೂ ಸಂಬಂಧ ಇಲ್ಲ. ಈಗ ಒಂದು ಹನಿ ಹಾಕ್ತೀನಿ, ಗೆರೆ ಹೀಗೇ ಇರಬೇಕು. ನೋಡಿ.”

ಹನಿ ಬಿತ್ತು.

ಗೆರೆ ಕೆಳಗೆ ಬಿದ್ದು ಎದ್ದಿತು. ಮುಂದಿನ ಸಲ ಅಷ್ಟು ಆಳಕ್ಕೆ ಹೋಗಲಿಲ್ಲ. ಅದರ ಮುಂದಿನ ಸಲ ಇನ್ನೂ ಕಡಿಮೆ. ಅವನು ಪರದೆಗೆ ಮೂಗು ತಾಗುವಷ್ಟು ಬಾಗಿದ. ಹತ್ತನೆಯ ಸಲಕ್ಕೆ ಗೆರೆ ನೇರವಾಗಿ ಮಲಗಿತ್ತು. ಅವನು ತಟ್ಟೆ ಬದಲಿಸಿ, ಹೊಸ ಸೂಜಿ ಹಾಕಿ, ಮತ್ತೆ ಹನಿ ಬಿಟ್ಟ. ಮತ್ತೆ ಅದೇ ನೇರ ಗೆರೆ.

“ಇದು ನಮ್ಮದಲ್ಲ.” ಅವನು ಸೀಸೆಯನ್ನು ಬೆಳಕಿಗೆ ಹಿಡಿದ. “ಇದು ಹದಿನೇಳು. ಹದಿನೇಳನೇ ನಂಬರ್ ವಿಷ, ಈ ಬಾಗಿಲನ್ನ ಮುಚ್ಚೋದು ಅದೊಂದೇ. ಮೇಡಂ, ಯಾರೋ ಸೀಸೆ ಬದಲಾಯಿಸಿದ್ದಾರೆ.”

ಮೂರು ದಿನದಿಂದ ಅಪಘಾತ ಎಂದುಕೊಂಡಿದ್ದು ಕೊಲೆಯಾಗಿ ಎದುರಿಗೆ ಕೂತಿತ್ತು.

“ಹದಿನೇಳು ಯಾವುದು ಅಂತ ಯಾರಿಗೆಲ್ಲ ಗೊತ್ತು?”

“ಮೇಲಿನ ಮಹಡಿಯವರಿಗೆ. ಭಾವನಿಗೆ, ನನಗೆ… ಮೊದಲು ಈ ನಂಬರ್‌ಗಳನ್ನೆಲ್ಲ ಹಾಕಿದ್ದೇ ಅಕ್ಕ. ಮದುವೆಗೆ ಮುಂಚೆ ಅವಳು ಇಲ್ಲೇ ವಿಷ ಸೋಸ್ತಿದ್ಲು.” ಅದನ್ನು ಹೇಳುವಾಗಲೂ ಅವನ ಕಣ್ಣು ಆ ಗೆರೆಯ ಮೇಲೆಯೇ ಇತ್ತು. ಅಕ್ಕನ ಮಾತು ಬಂದದ್ದೇ ಅವನಿಗೆ ಅರಿವಿರಲಿಲ್ಲ.

“ಈ ಹದಿನೇಳು ಮನುಷ್ಯನ ಮೈಗೆ ಹೋದ್ರೆ ಏನಾಗತ್ತೆ?”

“ನರದ ಬಾಯಿಗೆ ಬೀಗ ಬೀಳತ್ತೆ. ಕೈ ಎತ್ತು ಅಂತ ಮಿದುಳು ಹೇಳತ್ತೆ, ಸ್ನಾಯುವಿಗೆ ಸುದ್ದಿ ಮುಟ್ಟಲ್ಲ. ಕೈ, ಕಾಲು, ಉಸಿರು, ಕಣ್ಣಿನ ರೆಪ್ಪೆ, ಕಣ್ಣಿನ ಪಾಪೆ ಕೂಡ. ಎಲ್ಲಾ ನಿಂತುಹೋಗತ್ತೆ. ಇಷ್ಟು ಗಟ್ಟಿ ಇದ್ರೆ ನಾಲ್ಕೈದು ದಿನ ಹಿಡಿತ ಬಿಡಲ್ಲ.”

“ಮತ್ತೆ ಮಿದುಳು?”

“ಮಿದುಳಿಗೆ ಏನೂ ಆಗಲ್ಲ. ಈ ಅಣು ದೊಡ್ಡದು, ರಕ್ತದಿಂದ ಮಿದುಳಿಗೆ ದಾಟೋಕೇ…”

ಅವನು ಕುರ್ಚಿಯಿಂದ ಅರ್ಧ ಎದ್ದ.

ಅವನ ಮುಖದಿಂದ ರಕ್ತವೆಲ್ಲ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಕೆಲವು ಕ್ಷಣ ನನಗೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು.

“ನೀವು ಉಸಿರು ಕೊಟ್ಟಿದ್ರಿ,” ಎಂದೆ. “ಮಿದುಳಿಗೆ ಗಾಳಿ ಸಿಕ್ಕಿತ್ತು.”

“ಭಾವ ಸತ್ತಿಲ್ಲ.”

“ಇಲ್ಲ.”

“ಎಚ್ಚರ ಇದ್ದಾರೆ! ಮೇಡಂ, ಭಾವ ಎಚ್ಚರ ಇದ್ದಾರೆ! ಮೂರು ದಿನದಿಂದ ಎಲ್ಲಾ ಕೇಳಿಸಿಕೊಂಡು ಬಿದ್ದಿದ್ದಾರೆ!”

ಕುರ್ಚಿ ಉರುಳಿತು. ಅವನು ಆಗಲೇ ಬಾಗಿಲಲ್ಲಿದ್ದ.

* * *

ಡಾಕ್ಟರ ಫೋನ್ ಬಂದ್ ಆಗಿತ್ತು. ಜೀಪಿನಲ್ಲಿ ಕೂತು ತೀವ್ರ ನಿಗಾ ಘಟಕಕ್ಕೆ ಮಾಡಿದೆ. ಆರು ಸಲ ಹೊಡೆದುಕೊಂಡ ಮೇಲೆ ನರ್ಸ್ ಎತ್ತಿದಳು.

“ಅವರದಾ ಮೇಡಂ? ಮನೆಯವರು ನಾಲ್ಕರವರೆಗೆ ಕಾಯೋದು ಬೇಡ, ಬೇಗ ಮುಗಿಸಿಬಿಡಿ ಅಂದ್ರು. ಡಾಕ್ಟ್ರು ಈಗಷ್ಟೇ ಒಳಗೆ ಹೋದ್ರು.”

“ಓಡು!” ಎಂದು ಅರಚಿದೆ. “ಫೋನ್ ಹಿಡಿದುಕೊಂಡೇ ಓಡು! ಆ ಕೊಳವೆ ಮೇಲೆ ಕೈ ಇಟ್ಟವರನ್ನ ಕೊಲೆ ಕೇಸಲ್ಲಿ ಒಳಗೆ ಹಾಕ್ತೀನಿ ಅಂತ ಹೇಳು! ಆ ಮನುಷ್ಯನಿಗೆ ಜೀವ ಇದೆ!”

ಅವಳ ಚಪ್ಪಲಿಯ ಸದ್ದು ಕೇಳಿಸಿತು. ಒಂದು ಬಾಗಿಲು ಬಡಿದ ಸದ್ದು. ಏನೋ ಲೋಹದ್ದು ಕೆಳಗೆ ಬಿತ್ತು. ಆಮೇಲೆ ಏನೂ ಇಲ್ಲ. ಪಕ್ಕದಲ್ಲಿ ಬಾಮೈದ ತನ್ನ ಮಂಡಿಯನ್ನೇ ಗುದ್ದಿಕೊಳ್ಳುತ್ತಿದ್ದ. ಇವನಿಗೆ ಕೈಕೋಳ ಹಾಕಬೇಕಿತ್ತು ಎಂಬುದು ನನಗೆ ಅರ್ಧ ದಾರಿಯಲ್ಲಿ ನೆನಪಾಯಿತು. ಹಾಕಲಿಲ್ಲ.

ಕೊನೆಗೆ ಫೋನಿನಲ್ಲಿ ಡಾಕ್ಟರ ಧ್ವನಿ ಬಂತು. “ಯಾರ್ರೀ ಅದು? ಇದೇನು ತಮಾಷೇನಾ?”

“ಕೊಳವೆ ಇದೆಯಾ, ತೆಗೆದ್ರಾ?”

“ಇದೆ. ಟೇಪ್ ಬಿಚ್ಚಿದ್ದೆ ಅಷ್ಟೇ.”

ನಾನು ತಲೆಯನ್ನು ಸೀಟಿಗೆ ಒರಗಿಸಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಇದನ್ನು ಯಾರಿಗೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ.

* * *

ಡಾಕ್ಟರು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ಬಾಮೈದ ಹದಿನೇಳನೇ ವಿಷದ ಬಗ್ಗೆ ಹೇಳುತ್ತಿದ್ದರೆ ಅವರು ಕೈಕಟ್ಟಿ ನಿಂತು ಕೇಳಿದರು. ಜೇಡ ಕಚ್ಚಿದೆ ಎಂದು ಪ್ರತಿವಿಷ ಕೊಟ್ಟಿದ್ದೆವು, ರಕ್ತಪರೀಕ್ಷೆಯಲ್ಲಿ ಬೇರೇನೂ ಸಿಕ್ಕಿರಲಿಲ್ಲ, ನಿಯಮದ ಪ್ರಕಾರ ಎಲ್ಲ ಪರೀಕ್ಷೆ ಮಾಡಿದ್ದೇನೆ ಎಂದರು.

“ಮಿದುಳಿನ ಅಲೆ ನೋಡಿದ್ರಾ?” ಎಂದು ಕೇಳಿದೆ.

“ಅದು ಕಡ್ಡಾಯ ಅಲ್ಲ.”

“ಈಗ ಕಡ್ಡಾಯ.”

ಯಂತ್ರ ಬಂತು. ಮೇಷ್ಟ್ರ ಬೋಳುತಲೆಗೆ ತಂತಿಗಳನ್ನು ಅಂಟಿಸಿದರು. ಮುಚ್ಚಿದ ರೆಪ್ಪೆ, ಅಲ್ಲಾಡದ ತುಟಿ, ಯಂತ್ರ ಊದಿದಾಗ ಏಳುವ ಎದೆ. ಕೋಣೆಯಲ್ಲಿ ನಾವು ನಾಲ್ವರು. ಡಾಕ್ಟರು, ಬಾಮೈದ, ನಾನು, ಮತ್ತು ಕಾಲಿನ ಬಳಿ ಕುರ್ಚಿಯಲ್ಲಿ ಮೇಷ್ಟ್ರ ಹೆಂಡತಿ. ಆಕೆಗೆ ಬಾಮೈದ ಒಂದೇ ಉಸಿರಿಗೆ ಹೇಳಿದ್ದ. “ಅಕ್ಕ, ಭಾವ ಇದ್ದಾರೆ. ಬದುಕಿದ್ದಾರೆ.” ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದರು. ಇಂಥ ಸುದ್ದಿ ಕೇಳಿದವರಿಗೆ ಗರ ಬಡಿಯುವುದು ಸಹಜ ಎಂದುಕೊಂಡೆ.

ಡಾಕ್ಟರು ಯಂತ್ರದ ಗುಂಡಿ ಒತ್ತಿದರು.

ಸತ್ತ ಮಿದುಳಿಗೆ ಅಲೆ ಇರುವುದಿಲ್ಲ. ಪರದೆಯ ಮೇಲೆ ಅಲೆ ಬಂತು. ಒಂದೇ ಸಮ, ಸಣ್ಣಸಣ್ಣ, ಕಣ್ಣು ಮುಚ್ಚಿ ಎಚ್ಚರವಾಗಿರುವ ಮನುಷ್ಯನ ಅಲೆ.

ಡಾಕ್ಟರು ಮಂಚದ ಅಂಚು ಹಿಡಿದುಕೊಂಡರು.

“ಪೆನ್ನಿನಿಂದ ಇವರ ಉಗುರನ್ನ ಒತ್ತಿದ್ದೀನಿ,” ಎಂದರು, ನಮಗೆ ಹೇಳಿದ್ದಲ್ಲ. “ಕಣ್ಣಿನ ಗುಡ್ಡೆ ಮುಟ್ಟಿದ್ದೀನಿ. ಕಿವಿಗೆ ಮಂಜಿನ ನೀರು ಬಿಟ್ಟಿದ್ದೀನಿ. ಉಸಿರಾಡ್ತಾರಾ ನೋಡೋಣ ಅಂತ, ಕೊಳವೆಗೆ ಆಮ್ಲಜನಕ ಹರಿಸಿಟ್ಟು, ಎಂಟು ನಿಮಿಷ ಯಂತ್ರ ಕಳಚಿ ಇಟ್ಟಿದ್ದೆ. ಎಲ್ಲಾ ಗೊತ್ತಾಗಿದೆ ಇವರಿಗೆ. ಎಲ್ಲಾ.”

ನನಗೆ ಮೊದಲ ದಿನ ನೆನಪಾಯಿತು. ಇದೇ ಮಂಚದ ಪಕ್ಕದಲ್ಲಿ ನಿಂತು, ಇವರಿಂದ ಇನ್ನೇನೂ ಸಿಗಲ್ಲ, ಪೋಸ್ಟ್‌ಮಾರ್ಟಂ ಆದ ಮೇಲೆ ನೋಡೋಣ ಎಂದಿದ್ದೆ. ಆ ಮಾತನ್ನು ವಾಪಸ್ಸು ನುಂಗುವಂತಿದ್ದರೆ ನುಂಗುತ್ತಿದ್ದೆ.

“ಇವರ ಹತ್ರ ಮಾತಾಡಬಹುದಾ?” ಎಂದು ಕೇಳಿದೆ.

ಡಾಕ್ಟರು ಮುಖ ಒರೆಸಿಕೊಂಡರು. “ಸುಮ್ಮನೆ ಮಲಗಿದ್ರೆ ಅಲೆ ಹೀಗೆ ಒಂದೇ ಸಮ ಇರತ್ತೆ. ತಲೆಗೆ ಕಷ್ಟದ ಕೆಲಸ ಕೊಟ್ರೆ ಒಡೆದುಹೋಗತ್ತೆ. ಲೆಕ್ಕ ಮಾಡಿಸಿ.”

ಮೇಷ್ಟ್ರ ಕಿವಿಯ ಹತ್ತಿರ ಬಾಗಿದೆ.

“ಮೇಷ್ಟ್ರೇ, ನಾನು ಪೊಲೀಸ್ ಇನ್ಸ್‌ಪೆಕ್ಟರ್. ನಿಮ್ಮನ್ನ ಇನ್ನು ಯಾರೂ ಸಾಯೋಕೆ ಬಿಡಲ್ಲ. ಮೊದಲು ಅದನ್ನ ಕೇಳಿಸ್ಕೊಳ್ಳಿ. ನಾನು ಪ್ರಶ್ನೆ ಕೇಳ್ತೀನಿ. ಹೌದು ಅನ್ನೋದಾದ್ರೆ ಹದಿನಾರನ್ನ ಇಪ್ಪತ್ತೇಳರಿಂದ ಗುಣಿಸಿ. ಇಲ್ಲ ಅನ್ನೋದಾದ್ರೆ ಸುಮ್ಮನಿರಿ. ನನ್ನ ಮಾತು ಕೇಳಿಸ್ತಿದೆಯಾ?”

ಅಲೆ ಒಡೆಯಿತು. ಒಂದೇ ಸಮ ಓಡುತ್ತಿದ್ದದ್ದು ಚೂರುಚೂರಾಗಿ ಹರಡಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒಂದೇ ಸಮವಾಯಿತು.

ಬಾಮೈದ ಬಿಕ್ಕಿಬಿಕ್ಕಿ ಅತ್ತ. “ಭಾವ, ನನ್ನನ್ನ ಕ್ಷಮಿಸಿ ಭಾವ…” ಅವನ ಭುಜ ಒತ್ತಿ ಸುಮ್ಮನಿರಿಸಿದೆ.

“ಆ ಸೀಸೇಲಿ ಬೇರೆ ವಿಷ ಇದೆ ಅಂತ ಗೊತ್ತಿದ್ದೇ ಚುಚ್ಚಿಕೊಂಡ್ರಾ?”

ಅಲೆ ಕದಲಲಿಲ್ಲ. ಇಲ್ಲ.

“ಅದನ್ನ ಬದಲಾಯಿಸಿದ್ದು ನಿಮ್ಮ ಬಾಮೈದನಾ?”

ನನ್ನ ಪಕ್ಕದಲ್ಲಿ ಅವನು ಉಸಿರು ಹಿಡಿದ. ಅಲೆ ಕದಲಲಿಲ್ಲ. ಇಲ್ಲ.

“ಯಾರು ಅಂತ ಚುಚ್ಚಿಕೊಂಡಾಗ ನಿಮಗೆ ಗೊತ್ತಿತ್ತಾ?”

ಇಲ್ಲ.

ನಾನು ನಿರಾಶೆಯಿಂದ ನೆಟ್ಟಗಾದೆ. ಗೊತ್ತಿಲ್ಲದವರನ್ನು ಇನ್ನೇನು ಕೇಳುವುದು? ಆಗ ಕಾಲಿನ ಬಳಿಯಿಂದ ಮೇಷ್ಟ್ರ ಹೆಂಡತಿ ಮೊದಲ ಸಲ ಬಾಯಿ ತೆರೆದರು. ಗಂಡನನ್ನು ನೋಡುತ್ತಿರಲಿಲ್ಲ. ಡಾಕ್ಟರನ್ನು ನೋಡುತ್ತಿದ್ದರು.

“ಡಾಕ್ಟ್ರೇ, ಇವರಿಗೆ ಮೊದಲ ದಿನದಿಂದಲೂ ಕೇಳಿಸ್ತಿತ್ತಾ?”

“ಹೌದಮ್ಮ. ಪ್ರತಿ ಮಾತೂ.”

ಆಕೆಯ ಬೆರಳಿನ ಸೆರಗು ಬಿಗಿಯಾಯಿತು. ತುಟಿ ಒಣಗಿ ಬಿಳಚಿಕೊಂಡಿತ್ತು.

“ಹಾಗಾದ್ರೆ ನಿನ್ನೆ ಮಧ್ಯಾಹ್ನ ನಾನೊಬ್ಬಳೇ ಇದ್ದಾಗ… ಹತ್ರ ಕೂತು ಇವರಿಗೆ ಹೇಳಿದ್ದು… ಅದೂನಾ?”

ಡಾಕ್ಟರು ಪರದೆಯನ್ನು ನೋಡುತ್ತಿದ್ದರು. ನಾನೂ ತಿರುಗಿದೆ.

ಅಲೆ ಒಡೆದಿತ್ತು. ಈ ಸಲ ಮತ್ತೆ ಒಂದಾಗಲಿಲ್ಲ, ಒಡೆಯುತ್ತಲೇ ಹೋಯಿತು, ಹದಿನಾರು ಇಪ್ಪತ್ತೇಳಲಿ ಎಷ್ಟೆಂದು ಆ ಮನುಷ್ಯ ಮತ್ತೆ ಮತ್ತೆ ಗುಣಿಸುತ್ತಿರುವ ಹಾಗೆ. ನಾನು ಮುಂದಿನ ಪ್ರಶ್ನೆಯನ್ನು ಇನ್ನೂ ಕೇಳಿರಲಿಲ್ಲ.